ಕೂಸಿಗೆಂದು ಕಟ್ಟಿದ ಗಾಡಿ

ಕೆಲವರು ಮಾಡಬೇಕಾದ ಕೆಲಸವನ್ನು ಸೋಮಾರಿತನದಿಂದ ಕೆಡಿಸುತ್ತಾರೆ. ನಾನು ತಯಾರಿಯಿಂದ ಕೆಡಿಸುತ್ತೇನೆ. ಸೋಮಾರಿಯನ್ನು ಬೈದಾದರೂ ಎಬ್ಬಿಸಬಹುದು; ತಯಾರಿಯಲ್ಲಿ ಮುಳುಗಿದವನನ್ನು ಯಾರೂ ಬೈಯುವುದಿಲ್ಲ, 'ಪಾಪ, ಎಷ್ಟು ದುಡೀತಾನ' ಎನ್ನುತ್ತಾರೆ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಗಾದಿ ಅಂಗಡಿ. ಅರಳೆ ಹಿಂಜಿ ಗಾದಿ ಹೊಲಿಯುವುದು ನಮ್ಮ ಮನೆತನದ ಕಸುಬು. ನನ್ನ ನಿಕಾಹದ ದಿನ ಕೂಡ, ನಾನು ಕೂಡಬೇಕಾದ ಗಾದಿಯ ಹೊಲಿಗೆ ಸೊಟ್ಟಗಿದೆಯೆಂದು ಬಿಚ್ಚಿಕೊಂಡು ಕುಳಿತಿದ್ದೆ. ಖಾಜಿಯವರು ಅರ್ಧ ತಾಸು ಕಾದರು. ಹೊಲಿಗೆ ಮಾತ್ರ ನೆಟ್ಟಗೆ ಬಂತು.

ಮಗಳು ಆಸ್ಮಾಳಿಗೆ ನಾಲ್ಕು ತಿಂಗಳಾಗಿದ್ದಾಗ ಚಿಕ್ಕನರಗುಂದದಿಂದ ಅಣ್ಣನ ಫೋನು ಬಂತು. ಅವ್ವ ಅಲ್ಲಿ ಅವನ ಮನೆಯಲ್ಲಿದ್ದಳು. ಮೊಣಕಾಲು ನೋವಿನಿಂದ ಅವಳು ಬಸ್ಸು ಹತ್ತುವ ಹಾಗಿರಲಿಲ್ಲ. ಸಕ್ಕರೆ ಕಾಯಿಲೆ ಈಗ ಕಣ್ಣಿಗೂ ತಗಲಿತ್ತು. "ಅವ್ವನ ಕಣ್ಣು ದಿನಾ ಮಂಜಾಗಾಕತ್ತಾವು. ಕೂಸಿನ ಮಾರಿ ಒಮ್ಮೆ ನೋಡ್ತೀನಿ ಅಂತಾಳ. ಲಗೂ ಬಾ" ಎಂದ ಅಣ್ಣ.

ಹೆಂಡತಿ ರಜಿಯಾ ಆಗಲೇ ಚೀಲ ತುಂಬಿಕೊಂಡಳು. "ನಾಳೆ ಮುಂಜಾನಿ ಬಸ್ಸಿಗೆ ಹೋಗೂಣ್ರಿ" ಎಂದಳು. ನನಗೆ ಮನಸ್ಸಾಗಲಿಲ್ಲ. ಆ ಧೂಳು, ಆ ನೂಕಾಟ, ರೋಣದಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿಯುವುದು! ಅದಕ್ಕೂ ದೊಡ್ಡ ಕಾರಣ ಬೇರೆ ಇತ್ತು. ಹಿಂದಿನ ವಾರ ಬಾದಾಮಿಗೆ ಹೊರಟಿದ್ದ ಪರದೇಶದ ಗಂಡ ಹೆಂಡತಿ ನಮ್ಮೂರಲ್ಲಿ ಚಹಾಕ್ಕೆ ನಿಂತಿದ್ದರು. ಅವರ ಗಾಡಿಯೊಳಗೆ ಒಂದು ಮನೆಯೇ ಇತ್ತು. ಹಾಸಿಗೆ, ಒಲೆ, ಕಿಟಕಿಗೆ ಪರದೆ, ನಡುವೆ ಕೈಕಾಲು ಆಡಿಸುತ್ತ ಮಲಗಿದ ಅವರ ಕೂಸು. ಬಾಗಿಲಲ್ಲಿ ಇಣುಕಿದ ನಾನು ಇಣುಕುತ್ತಲೇ ನಿಂತೆ. ಕಡೆಗೆ ಆ ಹೆಂಗಸು, ಹಸಿದವನೆಂದುಕೊಂಡು, ನನ್ನ ಕೈಗೆ ಒಂದು ಬಿಸ್ಕೀಟು ಕೊಟ್ಟಳು. ಗಾದಿ ಸಾಗಿಸುವ ನನ್ನ ಹಳೆಯ ಮಟಡೋರ್ ವ್ಯಾನು ಅವತ್ತಿನಿಂದ ನನ್ನ ಕಣ್ಣಿಗೆ ಬೇರೆಯಾಗಿಯೇ ಕಾಣತೊಡಗಿತ್ತು.

"ಎಂಟು ದಿನ ತಡಿ. ನಿನ್ನ ಮಗಳನ್ನ ರಾಣಿ ಹಂಗ ಕರಕೊಂಡು ಹೋಗ್ತೀನಿ" ಎಂದೆ.

ಎಂಟು ದಿನ ಐದು ತಿಂಗಳಾಯಿತು. ಗಾದಿ ಹಾಸಿದೆ, ಅದು ಮೆತ್ತಗಾಯಿತೆಂದು ಬೇರೆ ಹಾಸಿದೆ. ತೊಟ್ಟಿಲು ಕಟ್ಟಲು ಮೇಲೆ ಸರಳು ಬೆಸುಗೆ ಹಾಕಿಸಿದೆ. ಸೊಳ್ಳೆಗೆ ಜಾಳಿಗೆ, ನೀರಿಗೆ ಡ್ರಮ್ಮು, ಹಾಲು ಕಾಯಿಸಲು ಒಲೆ. ಪರದೆ ಒಂದು ಗೇಣು ಗಿಡ್ಡವಾಯಿತೆಂದು ದರ್ಜಿಯ ಬಳಿಗೆ ನಾಲ್ಕು ಸಲ ಹೋದೆ. ರಜಿಯಾ ಮೊದಲು ಜಗಳಾಡಿದಳು, ಆಮೇಲೆ ಬೇಡಿಕೊಂಡಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಕಡೆಗೊಂದು ಮುಂಜಾನೆ ಹೊರಟೆವು. ಆಸ್ಮಾಳನ್ನು ಹಿಂದೆ ತೊಟ್ಟಿಲಲ್ಲಿ ಮಲಗಿಸಿ, ರಜಿಯಾಳನ್ನು ಅದರ ಪಕ್ಕ ಕೂಡಿಸಿ ನಾನು ಗಾಡಿ ನಡೆಸಿದೆ. ಮುಶಿಗೇರಿ ಬರುವುದರೊಳಗೆ ತೊಟ್ಟಿಲು ಹೊಯ್ದಾಡಿ, ಅವಳು ಕುಡಿದ ಹಾಲನ್ನೆಲ್ಲ ಹೊಸ ಗಾದಿಯ ಮೇಲೆ ಕಾರಿಕೊಂಡಳು. ಗಾದಿಯ ಮೇಲೆ ಮಲಗಿಸಿದರೆ ಒಂದೊಂದು ತಗ್ಗಿಗೂ ಒಂದೊಂದು ಚೀರಾಟ. ರಜಿಯಾ ಕೂಸನ್ನೆತ್ತಿಕೊಂಡು ಮುಂದೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕುಳಿತಳು, ಬಸ್ಸಿನಲ್ಲಿ ಕೂಡುವ ಹಾಗೆಯೇ. ಹಿಂದೆ ಇಡೀ ಮನೆ ಖಾಲಿ ಬರುತ್ತಿತ್ತು. ರೋಣದಲ್ಲಿ ಒಲೆ ಹೊತ್ತಿಸಲು ಹೋದರೆ ಗಾಳಿಗೆ ಹತ್ತಲಿಲ್ಲ. ಹೋಟೆಲಿನವನು ಹಾಲು ಕಾಯಿಸಿಕೊಟ್ಟು ಕೇಳಿದ: "ಗಾಡಿಯಾಗ ಇಷ್ಟೆಲ್ಲಾ ಮಾಡೀರಲ್ರಿ, ಭಾಳ ದೂರ ಹೊಂಟೀರೇನ್ರಿ?"

"ಚಿಕ್ಕನರಗುಂದಕ್ಕ" ಎಂದೆ. ಅಲ್ಲಿಂದ ಒಂದೆರಡು ತಾಸಿನ ದಾರಿ, ಅಷ್ಟೇ. ಅವನು ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ ಒಳಗೆ ಹೋದ.

ಮಧ್ಯಾಹ್ನ ಊರು ಮುಟ್ಟಿದೆವು. ಅಣ್ಣ ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಪರದೆ ಸರಿಸಿ ಒಳಗೆ ನೋಡಿದ.

"ಚಲೋ ಮಾಡೀ" ಎಂದ. ಆಮೇಲೆ ದನಿ ತಗ್ಗಿಸಿದ. "ಅವ್ವಗ ಎಂಟು ದಿನದಿಂದ ಏನೂ ಕಾಣವಲ್ದು. ದವಾಖಾನಿಯೊಳಗ ಕೈ ಚೆಲ್ಲಿದ್ರು."

"ನನಗ ಯಾಕ ಹೇಳಲಿಲ್ಲೋ ಅಣ್ಣಾ?"

"ಫೋನ್ ಮಾಡಿದ್ನೆಪ್ಪಾ. ಅಂಗಡಿಯಾಗ ನೀ ಇರಲಿಲ್ಲ. ಪರದೆ ಹೊಲಿಸಾಕ ಹೋಗ್ಯಾನ ಅಂದ್ರು."

ರಜಿಯಾ ನನ್ನ ಕಡೆ ತಿರುಗಲೂ ಇಲ್ಲ. ನೇರ ಒಳಗೆ ಹೋಗಿ ಅವ್ವನ ತೊಡೆಯ ಮೇಲೆ ಕೂಸನ್ನಿಟ್ಟಳು. ದಾರಿಯುದ್ದಕ್ಕೂ ಅತ್ತ ಆಸ್ಮಾ ಅಲ್ಲಿ ಎರಡು ಸಲ ಬಿಕ್ಕಿ, ನಿದ್ದೆಹೋದಳು. ಅವ್ವ ಅವಳ ಹಣೆ, ಗಲ್ಲ, ಕಿವಿ ಸವರಿದಳು. ಅರಳೆಯಲ್ಲಿ ಉಳಿದ ಬೀಜ ಹುಡುಕುವಾಗ ಅವಳ ಬೆರಳು ಹೀಗೆಯೇ ಓಡಾಡುತ್ತಿದ್ದವು. ಮೂಗಿನ ಹತ್ತಿರ ಬೆರಳು ನಿಂತವು.

"ಮೂಗು ನಿಂದ ಐತಿ. ಪಾಪ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಬೇರೇನೋ ಆಗಿಬಿಡುತ್ತಿತ್ತು.

"ಕಣ್ಣು ಹ್ಯಾಂಗ ಅದಾವೋ?"

"ಚಂದ ಅದಾವಬೇ."

"ಚಂದ ಅಂದ್ರ? ದೊಡ್ಡವೋ, ಸಣ್ಣವೋ? ಕರೀವೋ, ಕಂದು ಅದಾವೋ?"

ಬಗ್ಗಿ ನೋಡಿದೆ, ಮುಚ್ಚಿದ್ದವು. ಮೆಲ್ಲಗೆ ಗಲ್ಲ ತಟ್ಟಲು ಕೈ ಚಾಚಿದೆ. ಅದು ಹೇಗೆ ಗೊತ್ತಾಯಿತೋ, ಅವ್ವ ನನ್ನ ಕೈ ಹಿಡಿದುಕೊಂಡಳು.

"ಎಬ್ಬಿಸಬ್ಯಾಡ. ನೆನಪಿನ ಮ್ಯಾಲೆ ಹೇಳು."

ನೆನಪು ಮಾಡಿಕೊಂಡೆ. ಐದು ತಿಂಗಳು, ಅವಳು ಮಲಗಿದ ಮೇಲೆ ನಾನು ಮನೆಗೆ ಬಂದಿದ್ದೆ, ಅವಳು ಏಳುವ ಮೊದಲೇ ಗಾಡಿಯ ಹತ್ತಿರ ಹೋಗಿದ್ದೆ. ರಜಿಯಾಳ ಮುಖ ನೋಡಿದೆ. ಅವಳು ಹೇಳಿಕೊಡಲಿಲ್ಲ. ಅವ್ವ ನನ್ನ ಕೈ ಬಿಡದೆ ಕಾಯುತ್ತಿದ್ದಳು.

"ಎದ್ದ ಮ್ಯಾಲೆ ಹೇಳ್ತೀನಬೇ" ಎಂದೆ.