ಅಮಾಮೋಸ್ ಎಂಬ ಅನುಮಾನ

ನಾನು ಓದಿದ್ದು ಐದನೇ ಕ್ಲಾಸು. ಅನುಮಾನ ಪಡುವುದಕ್ಕೆ ಅಷ್ಟು ಸಾಕು. ತರಕಾರಿಯವನು ಕೇಳದೆಯೇ ಕರಿಬೇವು ಕೊಟ್ಟರೆ, ಚೀಲದ ತಳದಲ್ಲಿ ಟೊಮೇಟೊ ಕೊಳೆತಿದೆ ಎಂದೇ ನನ್ನ ಲೆಕ್ಕ. ಕೊಳೆತೂ ಇರುತ್ತದೆ.

ಅಂಥವಳು, ಮೊಮ್ಮಗಳು ವೈಷ್ಣವಿ ಬಾಲ್ಕನಿಯಲ್ಲಿ ನಿಂತು "ಅಮೇ, ಅಮಾಸ್ತೇ, ಅಮೋ" ಎಂದು ಜಪಿಸುವುದನ್ನು ಕೇಳಿ ಸುಮ್ಮನಿರಲಾದೀತೇ? ನನ್ನ ಕಿವಿಗೆ ಅಮಾಸೆ ಎಂದೇ ಬಿತ್ತು. ಮದ್ರಾಸಿನವರಿಗೆ ಅಮಾವಾಸ್ಯೆ ಒಳ್ಳೆಯ ದಿನ. ಇಷ್ಟು ವರ್ಷ ಅಡ್ಯಾರಿನಲ್ಲಿದ್ದರೂ ನನಗೆ ಇನ್ನೂ ಅಲ್ಲ.

"ಏನೇ ಅದು, ಮಾಟವೇ?"

"ಸ್ಪ್ಯಾನಿಷ್ ಅಜ್ಜಿ. ನಾಳೆ ಕಾಲೇಜಲ್ಲಿ ಟೆಸ್ಟು. ನಾನು ಪ್ರೀತಿಸಿದೆ, ನೀನು ಪ್ರೀತಿಸಿದೆ, ಅವನು ಪ್ರೀತಿಸಿದ."

"ಯಾವನು?"

"ಯಾವನೂ ಇಲ್ಲ, ಗ್ರಾಮರ್!"

ಯಾವನೂ ಇಲ್ಲದೆ ಪ್ರೀತಿಸಿದ್ದು ಹೇಗೆ? ಅದೂ ಭೂತಕಾಲದಲ್ಲಿ. ಪ್ರೀತಿಸುತ್ತೇನೆ ಎಂದಿದ್ದರೆ ಬೈದು ಬಿಡಿಸಬಹುದಿತ್ತು. ಆಗಿಹೋದದ್ದನ್ನು ಎಲ್ಲಿಂದ ತಡೆಯಲಿ? ಹೋಗಲಿ, ಮುಗಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ "ಅಮಾಮೋಸ್" ಎಂದಳು. ನಾವು ಪ್ರೀತಿಸಿದೆವು ಎಂದು ಅರ್ಥವಂತೆ. ನಾವು ಪ್ರೀತಿಸುತ್ತೇವೆ ಎನ್ನುವುದಕ್ಕೂ ಅದೇ ಮಾತಂತೆ!

"ಹಾಗಾದ್ರೆ ಇನ್ನೂ ನಡೀತಾ ಇದೆ! ನಾವು ಅಂದ್ರೆ ಯಾರ್ಯಾರು?"

"ಅಯ್ಯೋ ಕಡವುಳೇ! ಆ ಭಾಷೆನೇ ಹಂಗೆ ಅಜ್ಜಿ. ಸರಿ, ನೀನೇ ಹೇಳು. ತಾತನ್ನ ನೀನು ಪ್ರೀತಿಸಿದೆಯಾ, ಪ್ರೀತಿಸ್ತೀಯಾ? ಎರಡರಲ್ಲಿ ಒಂದೇ ಹೇಳಬೇಕು."

ಪಕ್ಕದ ಕುರ್ಚಿಯಲ್ಲಿ ನಮ್ಮ ಯಜಮಾನರು ಪೇಪರ್ ಓದುತ್ತಿದ್ದರು. ರೈಲ್ವೆಯಿಂದ ರಿಟೈರ್ ಆದಮೇಲೆ ಅದೇ ಅವರ ಡ್ಯೂಟಿ. ಹಾಳೆ ತಿರುಗಿಸುವ ಸದ್ದು ನಿಂತಿತು. ಪ್ರೀತಿಸಿದೆ ಎಂದರೆ ಮುಗಿದುಹೋಯಿತು ಎಂದಾಗುತ್ತದೆ. ಪ್ರೀತಿಸುತ್ತೇನೆ ಎನ್ನೋಣವೆಂದರೆ, ಮದುವೆಯಾದಾಗಿನಿಂದ ಒಮ್ಮೆಯೂ ಆಡದ ಮಾತು, ಮೊಮ್ಮಗಳೆದುರು ಶುರುಮಾಡಲೇ? "ಅನ್ನ ಸೀಯುತ್ತೆ" ಎಂದು ಒಳಗೆ ಎದ್ದುಹೋದೆ. ಅಕ್ಕಿ ಇನ್ನೂ ತೊಳೆದೇ ಇರಲಿಲ್ಲ.

ಟೆಸ್ಟು ಚೆನ್ನಾಗಿ ಆಯಿತಂತೆ. ಅವನು ಯಾವನು ಎಂಬುದು ಮಾತ್ರ ಈವತ್ತಿಗೂ ಗೊತ್ತಾಗಿಲ್ಲ. ಕೇಳಲು ಬಾಯಿ ತೆರೆದರೆ ಸಾಕು, ಯಜಮಾನರು ಪೇಪರ್ ಕೆಳಗಿಳಿಸಿ, "ಮೊದಲು ನಿನ್ನ ಉತ್ತರ ಬರಲಿ" ಎನ್ನುತ್ತಾರೆ. ಜನ್ಮದಲ್ಲಿ ಯಾರನ್ನೂ ಅನುಮಾನಿಸದ ಮನುಷ್ಯ. ಈಗ ಕಾಫಿಗೆ ಸಕ್ಕರೆ ಅರ್ಧ ಚಮಚ ಹೆಚ್ಚಾದರೂ ಲೋಟ ಕೆಳಗಿಟ್ಟು, ಏನೋ ಇದೆ ಎನ್ನುವಂತೆ ನನ್ನ ಮುಖವನ್ನೇ ನೋಡುತ್ತಾರೆ.