ಅತ್ತೆಯ ಕಣ್ಣು ಮತ್ತು ಫಾಸ್ಟ್ ಫಿಲ್ಮು

ಏನೂ ಗೊತ್ತಿಲ್ಲದವನು ಸುಖಿ, ಪೂರ್ತಿ ಗೊತ್ತಿರುವವನೂ ಸುಖಿ. ಅರ್ಧಂಬರ್ಧ ಗೊತ್ತಿರುವವನ ಪಾಡು ಮಾತ್ರ ಯಾರಿಗೂ ಬೇಡ. ಫೋಟೋ ತೆಗೆಯುವುದರಲ್ಲಿ ನಾನು ಈ ಮೂರನೆಯ ಪಂಗಡ. ಚಾಮರಾಜನಗರದ ನಮ್ಮ ಆಫೀಸಿನಲ್ಲಿ ಕ್ಯಾಮೆರಾ ಇದ್ದವನು ನಾನೊಬ್ಬನೇ ಆದ್ದರಿಂದ ಇದು ಬಹಳ ಕಾಲ ಯಾರಿಗೂ ತಿಳಿಯಲಿಲ್ಲ. ಇನ್ನೂ ರೀಲಿನ ಕಾಲ ಅದು. ಎಲ್ಲರೂ ಪ್ರಿಂಟ್ ಹಾಕಿಸಿದರೆ ನಾನು ಮಾತ್ರ ಸ್ಲೈಡ್ ಫಿಲ್ಮ್ ತರುತ್ತಿದ್ದೆ. ಪ್ರೊಜೆಕ್ಟರಿಗೆ ಸಿಕ್ಕಿಸಿ ಗೋಡೆಯ ಮೇಲೆ ಬಿಟ್ಟರೆ ಪಕ್ಕದ ಮನೆಯ ಎಮ್ಮೆಗೂ ಒಂದು ಗಾಂಭೀರ್ಯ ಬರುತ್ತಿತ್ತು.

ಗುಂಡ್ಲುಪೇಟೆಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಫ್ಲಾಶ್ ಬೀಳುವ ಮೊದಲೇ ಅವರ ಕಣ್ಣಿಗೆ ಹೇಗೋ ಸುದ್ದಿ ಮುಟ್ಟಿಬಿಡುತ್ತಿತ್ತು. ಧಾರೆಯ ಫೋಟೋದಿಂದ ಮೊಮ್ಮಗನ ನಾಮಕರಣದ ಫೋಟೋದವರೆಗೆ ಎಲ್ಲದರಲ್ಲೂ ಕಣ್ಣು ಮುಚ್ಚಿದ್ದಾರೆ. ಗಂಡನ ಮುಖ ನೋಡಲಾರದೆ ಮುಚ್ಚಿಕೊಂಡಳು ಎಂದು ಮದುವೆಯ ಫೋಟೋ ನೋಡಿ ನೆಂಟರೆಲ್ಲ ನಕ್ಕಿದ್ದರಂತೆ. ಒಂದು ದಿನ ಅತ್ತೆಯೇ ಕೇಳಿದರು: “ಎಲ್ಲದ್ರಲ್ಲೂ ತೂಕಡಿಸ್ತಾ ಕೂತಂಗಿವ್ನಿ ಕಣಪ್ಪ. ಒಂದ್ರಲ್ಲಾರ ಕಣ್ ಬುಟ್ಕಂಡಿರನ.” ನಗುತ್ತಲೇ ಹೇಳಿದರು.

ಫ್ಲಾಶ್ ಇಲ್ಲದೆ, ಇರುವ ಬೆಳಕಿನಲ್ಲೇ ತೆಗೆಯುವುದೆಂದು ತೀರ್ಮಾನಿಸಿದೆ. ಆದರೆ ಯಾವ ಸ್ಪೀಡಿನ ಫಿಲ್ಮು? ಡಬ್ಬಿಯ ಮೇಲಿನ ಸ್ಪೀಡಿನ ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ನೂರರದ್ದಾದರೆ ಬಣ್ಣ ಚೆನ್ನ, ಅತ್ತೆ ಮಾತ್ರ ವಿಗ್ರಹದ ಹಾಗೆ ಕೂರಬೇಕು. ಸಾವಿರದಾರುನೂರರದ್ದಾದರೆ ಮಬ್ಬಿನಲ್ಲೂ ಬರುತ್ತದೆ, ಆದರೆ ಮುಖವೆಲ್ಲ ರವೆ ರವೆಯಾಗಿ ಅತ್ತೆಯ ಬದಲು ಉಪ್ಪಿಟ್ಟು ಕಾಣುತ್ತದೆ. ವಾರವೆಲ್ಲ ಯೋಚಿಸಿ ನಾನೂರರದ್ದನ್ನು ಮೈಸೂರಿನಿಂದ ತರಿಸಿದೆ. ಇದು ಫಾಸ್ಟ್ ಫಿಲ್ಮು ಎಂದು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದರೆ, ಹಾಗಾದರೆ ಫೋಟೋ ಬೇಗ ಬರುತ್ತದಾ ಎಂದಳು. ಇಲ್ಲ, ತೊಳೆಯಲು ಬೆಂಗಳೂರಿಗೆ ಹೋಗಬೇಕು, ತಿಂಗಳಾಗುತ್ತದೆ ಎಂದೆ. “ಓ, ನಮ್ಮೂರಿನ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಅನ್ನಿ,” ಎಂದು ಒಳಗೆ ಹೋದಳು.

ಗುಂಡ್ಲುಪೇಟೆಗೆ ಹೋದದ್ದು ಬೆಳಗ್ಗೆಯೇ. ಅಡುಗೆಮನೆಯ ಗಾಜಿನ ಹೆಂಚಿನಿಂದ ಒಳ್ಳೆಯ ಬೆಳಕು ಇಳಿಯುತ್ತಿತ್ತು. ಅತ್ತೆ ಕೂತರೆ ತಾನೆ? ಮೊದಲು ನನಗೆ ತಿಂಡಿ, ಆಮೇಲೆ ಊಟ, ಆಮೇಲೆ ಹಸುವಿಗೆ ಹುಲ್ಲು. ಸೀರೆ ಬದಲಿಸಿ ಬಂದು ಕೂರುವ ಹೊತ್ತಿಗೆ ಸಂಜೆಯಾಗಿ ಬಲ್ಬು ಹಾಕಿದ್ದರು. ನಾನೂರರ ಫಿಲ್ಮಿದೆಯಲ್ಲ ಎಂಬ ಧೈರ್ಯದಲ್ಲಿ ಉಸಿರು ಬಿಗಿಹಿಡಿದು ತೆಗೆದೆ. ಊರಿಗೆ ಬಂದು ಖಾಲಿ ಡಬ್ಬಿಯನ್ನು ಓದಿದೆ. ಹಗಲು ಬೆಳಕಿಗೆ ಮಾತ್ರ ಎಂದಿತ್ತು. ಬಲ್ಬಿನ ಕೆಳಗೆ ತೆಗೆದರೆ ಎಲ್ಲವೂ ಹಳದಿಗೆ ತಿರುಗುತ್ತದೆ. ವಾರವೆಲ್ಲ ಸ್ಪೀಡನ್ನೇ ನೋಡಿದವನಿಗೆ ಆ ಸಾಲು ಕಂಡಿರಲಿಲ್ಲ.

ತಿಂಗಳಾದ ಮೇಲೆ ಅವರ ನಡುಮನೆಯ ಗೋಡೆಯ ಮೇಲೆ ಸ್ಲೈಡ್ ಬಿಟ್ಟೆ. ಕಣ್ಣೇನೋ ಅಗಲವಾಗಿ ತೆರೆದಿತ್ತು, ಆದರೆ ಅತ್ತೆ ಹಣೆಯಿಂದ ಪಾದದವರೆಗೆ ಹಳದಿ. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಗೋಡೆಯ ಹತ್ತಿರ ಹೋದರು.

“ಕಣ್ ಬುಟ್ಟಿವ್ನಿ,” ಎಂದರು ಮೆಲ್ಲಗೆ. “ಮೈಗೆಲ್ಲ ಅರ್ಸ್ನ ಅಚ್ದಂಗೂ ಅದೆ. ಮದ್ವೇಲಿ ಇಂಗೇ ಇದ್ದೆ ಕಣಪ್ಪ. ಇಂಥ ರೀಲು ನಿಂಗೆ ಎಲ್ ಸಿಕ್ತು?”

ನಿಜ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಸುಮ್ನೆ ಸಿಗಲ್ಲ ಅತ್ತೆ,” ಎಂದೆ. “ವಾರಗಟ್ಲೆ ತಲೆ ಕೆಡಿಸ್ಕೊಂಡು ಆರಿಸ್ಬೇಕು.”