ಕೌದಿಯ ಚಿಂದಿ ಮತ್ತು ಇಪ್ಪತ್ತಮೂರು ಡಬ್ಬಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಹದಿನಾಲ್ಕು ದಿನದ ಕೂಸು. ಮುಷ್ಟಿ ಬಿಗಿ ಹಿಡಿದು ಮಲಗುತ್ತದೆ, ಬಿಡಿಸಲು ಹೋದರೆ ನನ್ನ ಬೆರಳನ್ನೇ ಹಿಡಿದುಕೊಳ್ಳುತ್ತದೆ. ಈ ಸುದ್ದಿಯನ್ನು ಮುಂಬೈಯ ನಮ್ಮ ಚಾಳಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆಲ್ಲ ಹೇಳಿದೆ, ಹಾಲಿನ ಭೈಯಾನಿಗೆ ಹೇಳಿದೆ, ಜೋಗೇಶ್ವರಿ ಸ್ಟೇಶನ್ನಿನಲ್ಲಿ ಲೋಕಲ್ಲಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಗುಜರಾತಿಯವಳು, ನನ್ನ ಮಾತು ಒಂದೂ ತಿಳಿಯಲಿಲ್ಲ, ಆದರೂ ನಕ್ಕಳು. ಇನ್ನು ಉಳಿದವರು ನೀವು. ನಾನು ಧಾರವಾಡದ ಕಡೆ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಓದಿದವಳು. ಹಿಗ್ಗಿನಲ್ಲಿ ಬರೆದದ್ದು ಹಿಂದುಮುಂದಾದರೆ ನೀವೇ ಸರಿಮಾಡಿಕೊಂಡು ಓದಿ. ಹಿಗ್ಗಿನ ಜೊತೆಗೆ ಒಂದಿಷ್ಟು ಸಿಟ್ಟೂ ಇದೆ. ಸಿಟ್ಟು ಡಬ್ಬಿಗಳ ಮೇಲೆ.

ನಮ್ಮದು ಒಂದೇ ಖೋಲಿಯ ಮನೆ. ಅದರಲ್ಲಿ ನನ್ನ ಚಿಂದಿಯ ಡಬ್ಬಿಗಳು ಇಪ್ಪತ್ತಮೂರು. ಚಿಂದಿ ಎಂದರೆ ಮೂಗು ಮುರಿಯಬೇಡಿ. ನಮ್ಮ ಕಡೆ ಹರಿದ ಸೀರೆ, ಧೋತರ, ಕುಪ್ಪಸ ಯಾವುದನ್ನೂ ಬಿಸಾಡುವುದಿಲ್ಲ. ತುಂಡು ಮಾಡಿ, ಒಂದರ ಮೇಲೊಂದು ಜೋಡಿಸಿ, ದಾರ ಓಡಿಸಿ ಕೌದಿ ಹೊಲಿಯುತ್ತೇವೆ. ಆ ತುಂಡುಗಳನ್ನು ಇಡಲು ಏನಾದರೂ ಬೇಕಲ್ಲ. ಊರಿನಲ್ಲಾದರೆ ಅಟ್ಟವಿತ್ತು, ಗಂಟು ಕಟ್ಟಿ ಎಸೆದರೆ ಆಯಿತು. ಇಲ್ಲಿ ಅಟ್ಟದ ಜಾಗದಲ್ಲಿ ಮೇಲಿನ ಮನೆಯವರು ಸಂಸಾರ ಮಾಡುತ್ತಾರೆ. ಅದಕ್ಕೇ ವನಸ್ಪತಿ ತುಪ್ಪದ ಡಬ್ಬಿ ಬರಿದಾದರೆ ಅದರಲ್ಲಿ ಹಸಿರು ತುಂಡು, ಹಾಲಿನ ಪುಡಿಯ ಡಬ್ಬಿಯಲ್ಲಿ ಬಿಳಿ, ಕಡಲೆಹಿಟ್ಟಿನ ಡಬ್ಬಿಯಲ್ಲಿ ಹಳದಿ, ಇಂಗಿನ ಡಬ್ಬಿಯಲ್ಲಿ ಕುಪ್ಪಸದ ಖಣದ ಚೂರು, ನಮ್ಮವರ ನಶ್ಯದ ಡಬ್ಬಿಯಲ್ಲಿ ದಾರ. ಯಾವ ಡಬ್ಬಿಯಲ್ಲಿ ಯಾವ ಬಣ್ಣ ಎಂಬುದು ನನ್ನ ತಲೆಯಲ್ಲಿ ಅಚ್ಚು ಹೊಡೆದಂತೆ ಇರುತ್ತದೆ, ಅಥವಾ ಇರುತ್ತದೆ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ.

ಮನೆಯವರಿಗೆ ಇದರ ಬೆಲೆ ಗೊತ್ತಿಲ್ಲ. ನಮ್ಮವರು ಹತ್ತಿರದ ಒಂದು ಸಣ್ಣ ಕಾರಖಾನೆಯಲ್ಲಿ ಹಾಜರಿ ಬರೆಯುವವರು. ಒಮ್ಮೆ ಅವರ ಸಾಹೇಬರು ಮನೆಗೆ ಬಂದಾಗ ನಮ್ಮವರು ತಾವೇ ಚಹಾ ಮಾಡುತ್ತೇನೆಂದು ಎದ್ದು, ಸಕ್ಕರೆ ಎಂದು ಬರೆದಿದ್ದ ಡಬ್ಬಿಗೆ ಚಮಚೆ ಹಾಕಿದರು. ಚಮಚೆಗೆ ನನ್ನ ಹಳೆಯ ಪರಕಾರದ, ಅಂದರೆ ಒಳಲಂಗದ, ತುಂಡು ಸಿಕ್ಕಿಕೊಂಡು ಬಂತು. ಸಾಹೇಬರು ಸಭ್ಯರು, ಕಿಟಕಿಯ ಕಡೆ ನೋಡಿದರು. ಇಂಗಿನ ಡಬ್ಬಿಯ ಚೂರುಗಳಿಂದ ಹೊಲಿದ ಕೌದಿಯನ್ನು ಹೊದ್ದುಕೊಂಡ ದಿನವಂತೂ ನಮ್ಮವರಿಗೆ ಬೇಳೆಸಾರು ಉಣ್ಣುವ ಕನಸೇ ಬೀಳುತ್ತದಂತೆ. "ಎದ್ದ ಮ್ಯಾಲೆ ಹಸಿವಿ ಆಗ್ತೈತಿ, ನೋಡು" ಎನ್ನುತ್ತಾರೆ. ಹಸಿವಾಗುವುದು ಒಳ್ಳೆಯ ಲಕ್ಷಣ ಎಂದು ನಾನು ಹೇಳಿದೆ.

ಈಗ ನಿಜವಾದ ತಾಪತ್ರಯಕ್ಕೆ ಬರುತ್ತೇನೆ. ಮಗಳು ಕಸ್ತೂರಿ ಹುಬ್ಬಳ್ಳಿಯ ಸೊಸೆ. ಚೊಚ್ಚಲ ಬಾಣಂತನಕ್ಕೆ ಏಳು ತಿಂಗಳಿಗೆ ತವರಿಗೆ ಬಂದಳು. ಬರುವಾಗ ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ ಪಾರವ್ವಕ್ಕ, ಒಂದು ಗಂಟು ಕಟ್ಟಿ ಕೊಟ್ಟಿದ್ದರು. ಕೂಸಿನ ಮೊದಲ ಕೌದಿಗೆ ಎರಡೂ ಮನೆಯ ಹಿರಿಯರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆ ಸೇರಬೇಕು, ಅದು ನಮ್ಮಲ್ಲಿಯ ಪದ್ಧತಿ. ಹೊಸ ಬಟ್ಟೆ ಎಷ್ಟಿದ್ದರೂ ಹಿರಿಯರ ಮೈಯ ಬಿಸಿ ಅದರಲ್ಲಿ ಇರುವುದಿಲ್ಲ. ಗಂಟಿನಲ್ಲಿ ಇದ್ದದ್ದು ಬೀಗರ ಹಳೆಯ ರುಮಾಲು, ಮತ್ತು ಪಾರವ್ವಕ್ಕನ ತಾಯಿ ಉಡುತ್ತಿದ್ದ ಇಳಕಲ್ಲ ಸೀರೆಯ ಕೆಂಪು ಸೆರಗು. ಆ ಸೀರೆಯಲ್ಲಿ ಉಳಿದದ್ದು ಅಷ್ಟೇ. "ನಟ್ಟನಡುವ ಹಚ್ಚಲಿ ಅಂತ ನಿಮ್ಮವ್ವಗ ಹೇಳು" ಎಂದು ಕಸ್ತೂರಿಯ ಕೈಯಲ್ಲಿ ಹೇಳಿ ಕಳಿಸಿದ್ದರು.

ಇಂಥ ವಸ್ತುವನ್ನು ಉಳಿದ ಚಿಂದಿಯ ಜೊತೆ ಬೆರೆಸುವುದುಂಟೇ. ಗುಲಾಬಿ ಹೂವಿನ ಚಿತ್ರವಿದ್ದ ಬಿಸ್ಕಿಟಿನ ಡಬ್ಬಿಯೊಂದನ್ನು ಬಿಸಿಲಿಗೆ ಹಿಡಿದು, ಒರೆಸಿ, ಅದರಲ್ಲಿ ಗಂಟನ್ನು ಬೇರೆಯಾಗಿ, ಜೋಪಾನವಾಗಿ ಇಟ್ಟೆ. ಬೇರೆಯಾಗಿ ಇಟ್ಟದ್ದೇ ತಪ್ಪಾಯಿತು. ಕೂಸು ಹುಟ್ಟಿದ ಐದನೆಯ ದಿನ, ಕೌದಿಯ ಸುತ್ತಲೂ ಹೊಲಿದು ಮುಗಿಸಿ, ನಡುವೆ ಒಂದು ಗೇಣಿನ ಚೌಕ ಖಾಲಿ ಬಿಟ್ಟು, ಇನ್ನು ಸೆರಗು ಹಚ್ಚೋಣವೆಂದು ನೋಡಿದರೆ ಡಬ್ಬಿಯಲ್ಲಿ ಗಂಟಿಲ್ಲ. ಗಂಟಿಲ್ಲದ್ದು ಮಾತ್ರವಲ್ಲ, ಡಬ್ಬಿಯ ತುಂಬ ಬೇಸನ್ ಉಂಡಿ.

ಉಂಡಿಯ ಕಥೆಯನ್ನೂ ಹೇಳಬೇಕು. ಹೆರಿಗೆಯ ಸುದ್ದಿ ಬಂದ ಕೂಡಲೆ ಹಂಚಲೆಂದು ನಾನು ಮೊದಲೇ ಉಂಡಿ ಕಟ್ಟಿಟ್ಟಿದ್ದೆ. ಸುದ್ದಿ ಬಂದ ದಿನ ಚಾಳಿಗೆಲ್ಲ ತಾಟಿನಲ್ಲಿ ಹಂಚಿ, ಪಕ್ಕದ ಖೋಲಿಯ ತಾರಾಬಾಯಿಗೆ ಮಾತ್ರ ಒಂದು ಡಬ್ಬಿ ತುಂಬ ಕೊಟ್ಟಿದ್ದೆ. ತಾರಾಬಾಯಿ ಮರಾಠಿಯವರು, ಮನೆಯಲ್ಲೇ ಕೈಮಶಿನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಾರೆ, ಕಸ್ತೂರಿಗೆ ಬೇನೆ ಬಂದಾಗ ಟಾಂಗಾ ಹುಡುಕಿ ತಂದವರು. ಅವರಿಗೆ ಕೊಟ್ಟ ಮೇಲೆ ಮನೆಯಲ್ಲಿ ಒಂದು ಉಂಡಿಯೂ ಉಳಿದಿರಬಾರದು. ಹಾಗಾದರೆ ಈ ಡಬ್ಬಿ ತುಂಬ ಉಂಡಿ ಎಲ್ಲಿಂದ ಬಂತು. ಯಾರೋ ಹಂಚುವ ಮೊದಲೇ ಕದ್ದು ಮುಚ್ಚಿಟ್ಟಿದ್ದಾರೆ. ಮುಚ್ಚಿಡಲು ಡಬ್ಬಿ ಸಿಗದೆ ಬೀಗಿತ್ತಿಯ ಗಂಟನ್ನು ತೆಗೆದು ಎಲ್ಲೋ ಎಸೆದಿದ್ದಾರೆ. ಮನೆಯಲ್ಲಿ ಉಂಡಿಯ ಆಸೆ ಇರುವ ಗಂಡಸು ಒಬ್ಬರೇ.

"ಅಲ್ರೀ, ಗಂಟು ಎಲ್ಲಿ ಒಗದೀರಿ" ಎಂದೆ.

"ಯಾವ ಗಂಟು?"

"ಈ ಡಬ್ಬ್ಯಾಗಿಂದು. ಉಂಡಿ ಮುಚ್ಚಿಡಾಕ ತೆಗದೀರಲ್ಲ, ಅದು."

"ನಾ ಯಾವ ಉಂಡಿನೂ ಮುಚ್ಚಿಟ್ಟಿಲ್ಲ. ಆದ್ರ ಸಿಕ್ಕಾವಲ್ಲ" ಎಂದು ಕೈ ಹಾಕಿ ಎರಡು ತೆಗೆದುಕೊಂಡರು.

ಕಳ್ಳತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ. ಅಂದಿನಿಂದ ಎಂಟು ದಿನ ನಾನು ಬೈದದ್ದು ಬೈದದ್ದೇ. ಸ್ಟೋವಿಗೆ ಗಾಳಿ ಹೊಡೆಯುತ್ತ ಬೈದೆ, ಕೂಸಿಗೆ ಎಣ್ಣೆ ಹಚ್ಚುತ್ತ ಬೈದೆ. ತನಗೆ ಜೋಗುಳ ಯಾವುದು, ಅಜ್ಜನಿಗೆ ಬೈಗುಳ ಯಾವುದು ಎಂದು ತಿಳಿಯದೆ ಕೂಸು ಎರಡಕ್ಕೂ ನಿದ್ದೆ ಹೋಗುತ್ತಿತ್ತು. ಇಪ್ಪತ್ತಮೂರು ಡಬ್ಬಿಗಳನ್ನೂ ಮೂರು ಸಲ ನೆಲಕ್ಕೆ ಸುರಿದೆ. ಮೂರನೆಯ ಸಲ ಸುರಿದಾಗ ಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ನಮ್ಮವರು ಬಾಗಿಲ ಹೊರಗೆ ನಿಂತು ಚಹಾ ಕುಡಿದರು. ಕಳೆದುಹೋಗಿತ್ತೆಂದು ಮರೆತಿದ್ದ ಬೆಳ್ಳಿಯ ಕಾಲುಂಗುರ ಸಿಕ್ಕಿತು, ಕಸ್ತೂರಿಯ ಬಾಲ್ಯದ ಲಂಗದ ಅಂಚು ಸಿಕ್ಕಿತು, ಸೆರಗು ಸಿಗಲಿಲ್ಲ. ಚಾಳಿನಲ್ಲಿ ಯಾರನ್ನೂ ಕೇಳುವಂತಿಲ್ಲ. ಬೀಗರು ಕೊಟ್ಟದ್ದನ್ನು ಕಳೆದರಂತೆ ಎಂಬ ಮಾತು ನಲ್ಲಿಯ ಮುಂದೆ ಹುಟ್ಟಿದರೆ ನೀರಿಗಿಂತ ಬೇಗ ಮನೆ ಮನೆ ತಲುಪುತ್ತದೆ. ಮನಸ್ಸು ಬಿಚ್ಚಿ ಹೇಳಿಕೊಳ್ಳಬಹುದಾಗಿದ್ದ ತಾರಾಬಾಯಿಯೂ ಮೂರನೆಯ ದಿನವೇ ತಂಗಿಯ ಮನೆಗೆಂದು ಮಲಾಡಿಗೆ ಹೋಗಿದ್ದರು, ಅದೂ ನನ್ನ ಡಬ್ಬಿ ಹಿಂತಿರುಗಿಸದೆ. ನಮ್ಮ ಚಾಳಿನಲ್ಲಿ ತಿಂಡಿ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಏನಾದರೂ ತುಂಬಿಯೇ ಕೊಡಬೇಕು. ಆಕೆ ತುಂಬಿಯೂ ಕೊಡಲಿಲ್ಲ, ಬರಿದೂ ಕೊಡಲಿಲ್ಲ. ಅದಕ್ಕೂ ಒಂದಿಷ್ಟು ಗೊಣಗಿದೆ.

ಕಸ್ತೂರಿ ಮೊದಮೊದಲು ನಗುತ್ತಿದ್ದಳು. ತೊಟ್ಟಿಲ ದಿನ ಹತ್ತಿರ ಬಂದ ಹಾಗೆ ಅವಳ ಮುಖ ಸಣ್ಣದಾಯಿತು. "ಅವ್ವ, ನೀ ಇಲ್ಲೇ ಮುಂಬೈದಾಗ ಇರ್ತಿ. ನಾ ಹೋಗಿ ಅವರ ಮನ್ಯಾಗ ಬಾಳೇವು ಮಾಡಬೇಕು. ಅತ್ತಿ ಆ ಸೆರಗನ್ನ ಯಾರಿಗೂ ಮುಟ್ಟಾಕ ಕೊಟ್ಟಾಕಿ ಅಲ್ಲ. ನಂಬಿ ಕೊಟ್ಟಾರ" ಎಂದಳು. ಕೂಸಿಗೆ ಹಾಲು ಕುಡಿಸುತ್ತ ಕಣ್ಣೊರೆಸಿಕೊಂಡಳು. ಬಾಣಂತಿಯ ಕಣ್ಣಲ್ಲಿ ನೀರು ತರಿಸಿದ ಪಾಪವನ್ನೂ ನಾನು ನಮ್ಮವರ ತಲೆಗೇ ಕಟ್ಟಿದೆ.

ಹದಿಮೂರನೆಯ ದಿನ, ಅಂದರೆ ನಿನ್ನೆ, ತೊಟ್ಟಿಲು. ಬೀಗರಿಗೆ ಅಂಗಡಿ ಬಿಟ್ಟು ಬರಲು ಆಗಲಿಲ್ಲ, ಅಳಿಯಂದಿರು ಪಾರವ್ವಕ್ಕನನ್ನು ಕರೆದುಕೊಂಡು ಬೆಳಗಿನ ಗಾಡಿಗೆ ಬಂದರು. ನಾನು ಖಾಲಿ ಚೌಕಕ್ಕೆ ನನ್ನದೇ ಒಂದು ಕೆಂಪು ಕುಪ್ಪಸದ ತುಂಡು ಹಚ್ಚಿ, ವಯಸ್ಸಾದವರು, ಪ್ರಯಾಣದ ದಣಿವು, ಕೋಣೆಯಲ್ಲಿ ಬೆಳಕೂ ಕಡಿಮೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಆದರೆ ನಮ್ಮ ಬೀಗಿತ್ತಿ ನಿಂತಲ್ಲಿಂದಲೇ ಮೊರದಲ್ಲಿಯ ಕಲ್ಲು ಗುರುತಿಸುವವರು. ಕೂಸನ್ನು ಎತ್ತಿ ಮುದ್ದಿಸಿದರು, ಮತ್ತೆ ಕೌದಿಯ ಮೇಲೆ ಬೆರಳಾಡಿಸತೊಡಗಿದರು. ಬೆರಳು ಅಂಚಿನಿಂದ ಒಂದೊಂದೇ ತುಂಡು ದಾಟಿ ನಡುವಿಗೆ ಬಂತು. ಅಲ್ಲಿ ನಿಂತಿತು.

"ಗಂಗಕ್ಕಾರ, ಇದು ಯಾರದು?"

ಕಸ್ತೂರಿ ಗೋಡೆಯ ಕಡೆ ತಿರುಗಿದಳು. ನಮ್ಮವರು ತೊಟ್ಟಿಲ ಹಗ್ಗದ ಗಂಟನ್ನು, ಆಗಲೇ ಬಿಗಿಯಾಗಿದ್ದದ್ದನ್ನು, ಮತ್ತೆ ಬಿಗಿಯತೊಡಗಿದರು. ಅದು ನನ್ನದು, ನಿಮ್ಮದನ್ನು ಕಳೆದೆವು, ಕಳೆದವರು ಅಗೋ ಅವರು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ತಾರಾಬಾಯಿ. ಮಲಾಡಿನಿಂದ ನೇರ ಬಂದಿದ್ದರು. ಕೈಯಲ್ಲಿ ಗುಲಾಬಿ ಚಿತ್ರದ ಡಬ್ಬಿ.

"ಗಂಗಾಬಾಯಿ, ಉಶೀರ ಝಾಲಾ" ಎಂದು ತಡವಾದದ್ದಕ್ಕೆ ಬೇಸರಿಸಿಕೊಂಡು ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಒಂದು ಕುಂಚಿಗೆ. ತಲೆಗೆ ಟೋಪಿ, ಅದರ ಹಿಂದೆ ಬೆನ್ನ ತನಕ ಇಳಿಬಿಟ್ಟ ಬಟ್ಟೆ. ಹೊರಗೆ ಇಳಕಲ್ಲ ಸೆರಗಿನ ಕೆಂಪು, ಒಳಗೆ ಅಸ್ತರಿಗೆ ರುಮಾಲು, ಅಂಚಿಗೆ ಸಣ್ಣ ಸಣ್ಣ ಹೊಲಿಗೆ. ಪಾರವ್ವಕ್ಕ ಅದನ್ನು ಕೈಗೆ ತೆಗೆದುಕೊಂಡು ಸೆರಗಿನ ಬಿಳಿ ಗೆರೆಗಳನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಕೂಸಿನ ತಲೆಗೆ ಕಟ್ಟಿದರು.

"ಗಂಗಕ್ಕಾರ, ನಾ ಕೌದ್ಯಾಗ ಹಚ್ಚರಿ ಅಂತ ಕಳಿಸಿದ್ದೆ. ಕೆಳಗ ಹಾಸಿದ್ರ ಒಂದು ತಾಸಿನ್ಯಾಗ ಒದ್ದಿ ಆಕ್ಕಿತ್ತು. ಅದು ನನ್ನ ಬುದ್ಧಿಗೆ ಹೊಳೀಲಿಲ್ಲ. ನೀವು ನಮ್ಮವ್ವನ್ನ ಕೂಸಿನ ತಲೀ ಮ್ಯಾಲೆ ಇಟ್ರಿ" ಎಂದರು.

ಗಂಟು ತಾರಾಬಾಯಿಯ ಕೈ ಸೇರಿದ್ದು ಹೇಗೆಂದು ನನಗೇ ಹೊಳೆಯಲಿಲ್ಲ. ಒಳ್ಳೆಯ ಹೆಂಗಸಾಗಿದ್ದರೆ ಆಗಲೇ ನಿಜ ಹೇಳುತ್ತಿದ್ದಳು. ನಾನು ಸೆರಗು ಸರಿಪಡಿಸಿಕೊಂಡು, "ಏನೋ, ನಮಗ ತಿಳಿದಷ್ಟು ಮಾಡೀವ್ರಿ" ಎಂದೆ. ನಮ್ಮವರು ಹಗ್ಗ ಬಿಟ್ಟು ನನ್ನನ್ನೇ ನೋಡಿದರು. ನಾನು ಅವರನ್ನು ನೋಡಲಿಲ್ಲ. ಕೂಸಿಗೆ ನೀಲಾ ಎಂದು ಹೆಸರಿಟ್ಟೆವು, ಪಾರವ್ವಕ್ಕನ ತಾಯಿಯ ಹೆಸರು.

ಸಂಜೆ ಹೋಳಿಗೆಯ ಊಟ. ತಾರಾಬಾಯಿಯನ್ನೂ ಬಿಡದೆ ಕೂಡಿಸಿಕೊಂಡೆವು. ಒಂದೇ ಖೋಲಿಯಲ್ಲಿ ಎಲ್ಲರೂ ತಾಟು ಹಿಡಿದು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಕಸ್ತೂರಿಗೂ ಆ ದಿನ ಜೊತೆಯಲ್ಲೇ ತಾಟು ಹಾಕಿದೆ. ತಾರಾಬಾಯಿ ಹೋಳಿಗೆ ಮುರಿಯುತ್ತ ಮರಾಠಿಯಲ್ಲಿ, ನಡುನಡುವೆ ಕಲಿತ ಕನ್ನಡ ಸೇರಿಸಿ ಪಾರವ್ವಕ್ಕನಿಗೆ ಹೇಳತೊಡಗಿದರು. "ನಿಮ್ಮ ರೀತ ಫಾರ ಛಾನ, ಬಹಳ ಚೆಂದ. ಹೆಣ್ಣು ಆದ್ರೆ ನಮ್ಮಲ್ಲಿ ಬರ್ಫಿ ಕೊಡ್ತಾರೆ, ಖಲಾಸ್. ನೀವು ನೆರೆಯವರಿಗೆ ಅಜ್ಜಿಯ ಬಟ್ಟೆ ಕೊಡ್ತೀರಿ, ಹೊಲಿದು ತನ್ನಿ ಅಂತ. ಗಂಗಾಬಾಯಿ ಡಬ್ಬಿ ಕೊಟ್ಟು 'ಕೂಸಿನ ಹೆಸರಲ್ಲಿ ಇಟ್ಕೊಳ್ಳಿ' ಅಂದ್ರು. ತೆಗೆದು ನೋಡಿ ನನಗೆ ಅಳು ಬಂತು. ಇಷ್ಟು ವರ್ಷದಲ್ಲಿ ಯಾರೂ ನನಗೆ ಅಂಥ ಮಾನ ಕೊಟ್ಟಿರಲಿಲ್ಲ."

ನನ್ನ ಕೈಯಲ್ಲಿದ್ದ ತುಪ್ಪದ ಗಿಂಡಿ ಗಾಳಿಯಲ್ಲೇ ನಿಂತಿತು. ಹೆರಿಗೆಯ ಸುದ್ದಿ ಬಂದ ದಿನ ಕಣ್ಣ ತುಂಬ ನೀರು ತುಂಬಿಕೊಂಡು, ಮಂಚದ ಕೆಳಗಿದ್ದ ಒಂದೇ ನಮೂನೆಯ ಎರಡು ಗುಲಾಬಿ ಡಬ್ಬಿಗಳಲ್ಲಿ ಕೈಗೆ ಬಂದದ್ದನ್ನು ಎಳೆದುಕೊಂಡು ತಾರಾಬಾಯಿಯ ಖೋಲಿಗೆ ಓಡಿದವಳು ನಾನೇ. ಒಂದರಲ್ಲಿ ಉಂಡಿ, ಒಂದರಲ್ಲಿ ಗಂಟು. ಆ ಹಿಗ್ಗಿನಲ್ಲಿ ತೂಕದ ಮೇಲೂ ಲಕ್ಷ್ಯವಿರಲಿಲ್ಲ. ಮುಚ್ಚಳ ತೆರೆದು ನೋಡುವಷ್ಟು ಪುರುಸೊತ್ತು ಯಾರಿಗಿತ್ತು.

ಪಾರವ್ವಕ್ಕ ತುತ್ತು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಇಂಥ ಪದ್ಧತಿ ನಮ್ಮ ಕಡೆ ಇಲ್ಲಲ್ರೀ, ಗಂಗಕ್ಕಾರ."

"ಇಲ್ರೀ" ಎಂದೆ. ಮತ್ತೆ ಎಲ್ಲವನ್ನೂ ಹೇಳಿದೆ. ಉಂಡಿ, ಗಂಟು, ಖಾಲಿ ಚೌಕ, ನನ್ನ ಕುಪ್ಪಸದ ತುಂಡು, ಒಂದನ್ನೂ ಬಿಡಲಿಲ್ಲ. ಎಲ್ಲವನ್ನೂ ಕನ್ನಡದಲ್ಲೇ ಒಂದೇ ಉಸಿರಿಗೆ ಹೇಳಿದ್ದರಿಂದ ತಾರಾಬಾಯಿಗೆ ಅರ್ಧಂಬರ್ಧ ತಿಳಿಯಿತು, ಆಕೆಯ ಮುಖ ಕಂದತೊಡಗಿತು. ಕಸ್ತೂರಿ ಅತ್ತೆಯನ್ನೇ ನೋಡುತ್ತಿದ್ದಳು. ಪಾರವ್ವಕ್ಕ ತೊಟ್ಟಿಲ ಕಡೆ ನೋಡಿದರು. ಕೆಂಪು ಕುಂಚಿಗೆಯೊಳಗಿಂದ ಕೂಸಿನ ಮೂಗು ಮಾತ್ರ ಕಾಣುತ್ತಿತ್ತು. ಆಮೇಲೆ ತಮ್ಮ ತಾಟಿನಿಂದ ಒಂದು ಹೋಳಿಗೆ ಎತ್ತಿ ತಾರಾಬಾಯಿಯ ತಾಟಿಗೆ ಹಾಕಿದರು.

"ಇಷ್ಟು ದಿನ ಇರಲಿಲ್ಲ. ಇನ್ನ ಮ್ಯಾಲೆ ಐತಿ ಅನ್ರಿ" ಎಂದರು.

ಕಸ್ತೂರಿ ನಕ್ಕಳು. ಅಳಿಯಂದಿರು ಅದನ್ನು ತಾರಾಬಾಯಿಗೆ ಹಿಂದಿಯಲ್ಲಿ ತಿಳಿಸಿದರು, ಆಕೆಯೂ ನಕ್ಕರು. ನಗದೆ ಉಳಿದವರು ನಮ್ಮವರೊಬ್ಬರೇ. ತಲೆ ತಗ್ಗಿಸಿ, ಅವಸರವಿಲ್ಲದೆ ಉಣ್ಣುತ್ತಿದ್ದರು. ನಾನು ಕೇಳದೆಯೇ ಹೋಗಿ ಅವರ ತಾಟಿಗೆ ಒಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದೆ. ಅವರು ಹೋಳಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

"ಎಂಟು ದಿನದ್ದು ಒಂದರಾಗ ಮುಗಿಯೂದಿಲ್ಲ" ಎಂದರು.

ಇನ್ನೊಂದು ಹಾಕಿದೆ. ಹಾಕಿ, ನನ್ನ ತಾಟನ್ನೂ ಎಳೆದುಕೊಂಡು ಅವರ ಪಕ್ಕದಲ್ಲಿ ಉಣ್ಣಲು ಕೂತೆ.